ದೊಡ್ಡಸ್ವಾಮಿಯವರೂ ಪಾಸ್ಕದ ಹಬ್ಬವೂ

ಚೈತ್ರವು ಕುಣಿಗಲು ಸೀಮೆಯವರಿಗೆ ತೇರಿನ ಮಾಸ. ಯುಗಾದಿಯ ಬೇವುಬೆಲ್ಲ ಮುಗಿಯುತ್ತಲೇ ಎಡೆಯೂರಿನಲ್ಲಿ ಶ್ರೀ ಸಿದ್ಧಲಿಂಗೇಶ್ವರಸ್ವಾಮಿಯ ರಥೋತ್ಸವಕ್ಕೆ ಜನ ಕೂಡುವುದು. ವಾದ್ಯಗಳ ಘೋಷದ ನಡುವೆ ಹೂವಿನಿಂದ ಸಿಂಗರಿಸಿದ ರಥವು ಚಲಿಸುವುದು. ಬಹುತೇಕ ಇದೇ ಚೈತ್ರಮಾಸದಲ್ಲಿ ಕ್ರೈಸ್ತರು ತಮ್ಮ ಮಹಾಪರ್ವವಾದ ಪಾಸ್ಕವನ್ನು, ಅಂದರೆ ಇಂಗ್ಲೀಷರು ಈಸ್ಟರ್ ಎಂದು ಕರೆಯುವ ಕ್ರಿಸ್ತನ ಪುನರುತ್ಥಾನದ ಹಬ್ಬವನ್ನು, ಆಚರಿಸುವರು. ಎರಡು ಉತ್ಸವಗಳಿಗೂ ಕಾಲವು ಒಂದೇ ಆಗಿರುವುದು ಆಕಸ್ಮಿಕವಾಗಿರಬಹುದು. ಆದರೆ ಕುಣಿಗಲಿನಿಂದ ಹುಲಿಯೂರುದುರ್ಗ, ಮದ್ದೂರುಗಳ ಮಾರ್ಗವಾಗಿ ಹೋದರೆ ದೊರೆಯುವ ಶ್ರೀರಂಗಪಟ್ಟಣದಲ್ಲಿ, ಇನ್ನೂರು ವರ್ಷಗಳಿಗೂ ಹಿಂದೆ, ಈ ನಾಡಿನ ತೇರು ತಮ್ಮ ಮತದ ಹಬ್ಬದೊಳಗೆ ಹೊಕ್ಕಿರುವುದನ್ನು ಕಂಡು ಲಜ್ಜೆಪಟ್ಟ ಒಬ್ಬ ವಿದೇಶದ ಪಾದ್ರಿಗಳಿದ್ದರು. ಆ ಲಜ್ಜೆಯು ಯುಕ್ತವೋ ಅಲ್ಲವೋ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಹಬ್ಬದ ಕಾಲನಿರ್ಣಯವನ್ನು ತಿಳಿಯತಕ್ಕದ್ದು. ಕ್ರಿಸ್ತಜಯಂತಿಯಂತೆ ಪಾಸ್ಕವು ಗೊತ್ತಾದ ತಾರೀಖಿನಲ್ಲಿ ಬರುವುದಿಲ್ಲ. ಕ್ರಿ. ಶ. 325ರಲ್ಲಿ ನೈಸೀಯ ಪಟ್ಟಣದಲ್ಲಿ ನೆರೆದ ಮಹಾಸಭೆಯು ಎಲ್ಲ ಕ್ರೈಸ್ತರೂ ಈ ಹಬ್ಬವನ್ನು ಒಂದೇ ದಿನ ಮಾಡಬೇಕೆಂದು ವಿಧಿಸಿತು. ತರುವಾಯ ನೆಲೆನಿಂತ ನಿಯಮವೇನೆಂದರೆ, ವಸಂತವಿಷುವವೆಂದು ಎಣಿಸಿದ ಮಾರ್ಚಿ 21ರಂದಾಗಲಿ ಆಮೇಲಾಗಲಿ ಬರುವ ಮೊದಲನೆಯ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರವನ್ನು ಪಾಸ್ಕವೆಂದು ಎಣಿಸುವುದು. ಹೀಗಾಗಿ ಅದು ಮಾರ್ಚಿ 22ಕ್ಕೆ ಮೊದಲು ಬಾರದು, ಏಪ್ರಿಲ್ 25ನ್ನು ದಾಟದು. ಈ ಗಣಿತಕ್ಕೆ ಆಧಾರವಾದ ಚಕ್ರವು 19 ವರ್ಷಗಳದು; ಅದರಲ್ಲಿ 235 ಚಾಂದ್ರಮಾಸಗಳು. ನಮ್ಮ ಪಂಚಾಂಗಕರ್ತರು 19 ವರ್ಷಗಳಿಗೆ ಏಳು ಅಧಿಕಮಾಸಗಳನ್ನು ಸೇರಿಸುವುದರಿಂದ ಲಭಿಸುವ ಸಂಖ್ಯೆಯೂ ಅದೇ. ಹಳೆಯ ರೋಮಕ ಗಣನೆಯಲ್ಲಿ ವಿಷುವವು ಹತ್ತು ದಿನ ಹಿಂದೆ ಸರಿದಿರಲು, 1582ರಲ್ಲಿ ಹದಿಮೂರನೆಯ ಗ್ರೆಗೊರಿ ಎಂಬ ಪೋಪರು ಪಂಚಾಂಗವನ್ನು ತಿದ್ದಿಸಿದರು. ಆ ತಿದ್ದುಪಡಿಗೆ ಮುಖ್ಯವಾದ ಕಾರಣವೂ ಪಾಸ್ಕದ ದಿನವನ್ನು ಸರಿಪಡಿಸುವುದೇ ಆಗಿತ್ತು. ನಮ್ಮ ಗಣನೆಯು ನಿರಯಣವಾದ್ದರಿಂದ ಎರಡಕ್ಕೂ ಸ್ವಲ್ಪ ಅಂತರವುಂಟು. ಪಾಸ್ಕದ ಹುಣ್ಣಿಮೆಯು ಹೆಚ್ಚಿನ ವರ್ಷಗಳಲ್ಲಿ ಚೈತ್ರದ್ದು, ಕೆಲವು ವರ್ಷಗಳಲ್ಲಿ ಫಾಲ್ಗುನದ್ದು. 2023ರಲ್ಲಿ ಚೈತ್ರ ಪೂರ್ಣಿಮೆಯು ಏಪ್ರಿಲ್ 6ಕ್ಕೂ ಪಾಸ್ಕವು 9ಕ್ಕೂ ಬಂದವು. 2024ರಲ್ಲಿ ಹೋಳಿಹುಣ್ಣಿಮೆಯು ಮಾರ್ಚಿ 25ಕ್ಕೂ ಪಾಸ್ಕವು 31ಕ್ಕೂ ಬಂದವು.

ಹಬ್ಬವು ಸಮುದ್ರದ ಆಚೆಯಿಂದ ಬಂದದ್ದಾದರೂ ಇಂದು ಕನ್ನಡದ ಕಥೋಲಿಕರು ಅದರ ಅಂಗಗಳಿಗೆ ಇಟ್ಟಿರುವ ಹೆಸರುಗಳು ಇಲ್ಲಿಯವು. ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸವು ‘ತಪಸ್ಸುಕಾಲ’. ಅದು ಮೊದಲಾಗುವ ದಿನ ಹಣೆಗೆ ಬೂದಿಯನ್ನು ಧರಿಸುವರಾಗಿ ಅದು ‘ವಿಭೂತಿ ಬುಧವಾರ’. ಆ ಬೂದಿಯನ್ನು ಹಿಂದಿನ ವರ್ಷದ ‘ಗರಿಗಳ ಭಾನುವಾರ’ದಲ್ಲಿ ಮಂತ್ರಿಸಿದ ಗರಿಗಳನ್ನು ಸುಟ್ಟು ಮಾಡುವರು. ಹಬ್ಬದ ಹಿಂದಿನ ರಾತ್ರಿ ‘ಪಾಸ್ಕ ಜಾಗರಣೆ’. ತಪಸ್ಸು, ವಿಭೂತಿ, ಜಾಗರಣೆ ಎಂಬ ಮಾತುಗಳನ್ನು ಕೇಳಿದ ಕುಣಿಗಲಿನ ರೈತನಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪಾಸ್ಕ ಎಂಬ ಶಬ್ದವೊಂದು ಮಾತ್ರ ಹೀಬ್ರೂ ಭಾಷೆಯಿಂದ ಹೊರಟು, ಗ್ರೀಕ್ ಲ್ಯಾಟಿನ್‌ಗಳನ್ನು ಹಾದು, ಹಾಗೆಯೇ ಉಳಿದಿದೆ.

ಇನ್ನು ಪ್ರಕೃತ ಪುರುಷರ ವಿಷಯ. ಇವರು ಫ್ರಾನ್ಸು ದೇಶದ ಜಾನ್ ಆಂತ್ವಾನ್ ದ್ಯುಬುವಾ ಎಂಬ ಪಾದ್ರಿಗಳು. ಇತಿಹಾಸದಲ್ಲಿ ಇವರು ‘ಅಬ್ಬೆ ದ್ಯುಬುವಾ’ ಎಂದು ಪ್ರಸಿದ್ಧರು. ಕನ್ನಡದಲ್ಲಿ ಅಬ್ಬೆಯೆಂದರೆ ತಾಯಿ. ಫ್ರೆಂಚರ ‘ಅಬ್ಬೆ’ಯಾದರೋ ತಂದೆಯೆಂಬ ಅರ್ಥವುಳ್ಳ ಪ್ರಾಚೀನ ಶಬ್ದದಿಂದ ಹುಟ್ಟಿ ಗುರುಗಳಿಗೆ ಗೌರವಪದವಾದುದು. ಇವರು 1792ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, ಗುರುದೀಕ್ಷೆಯನ್ನು ಪಡೆದು ಅದೇ ವರ್ಷ ಹಿಂದೂದೇಶಕ್ಕೆ ಹೊರಟರು. ಕೆಲವು ಕಾಲ ಪುದುಚೇರಿಗೆ ಸೇರಿದ ತಮಿಳುಸೀಮೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದಕ್ಕಾಗಿ ಮೈಸೂರು ಸೀಮೆಗೆ ಬಂದರು. ದೇಶೀಯರ ಉಡುಪನ್ನು ಉಟ್ಟು ಅವರ ನಡೆನುಡಿಗಳನ್ನು ಹಿಡಿದು ಬಾಳಿದರು. ಜನರು ಇವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿನ ಹಾವಳಿಯನ್ನು ತಡೆಯಲು 1803-04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನಕ್ಕೆ ದಾಕು ಹಾಕಿಸಿದರು. ಹಾಸನದ ಬಳಿ ಸಾತಳ್ಳಿಯಲ್ಲಿ ನಿರ್ಗತಿಕರಾದ ಕ್ರೈಸ್ತರಿಗೆ ಬೇಸಾಯದ ನೆಲೆಯನ್ನು ಏರ್ಪಡಿಸಿದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಇವರು ಒಪ್ಪಿಸಿದ ಹಸ್ತಪ್ರತಿಯನ್ನು ಇಂಗ್ಲೀಷ್ ಕಂಪೆನಿಯು 1807ರಲ್ಲಿ ಎರಡು ಸಾವಿರ ವರಹಗಳಿಗೆ ಕೊಂಡು 1816ರಲ್ಲಿ ಅಚ್ಚುಮಾಡಿಸಿತು. ಆ ಗ್ರಂಥದ ಬಹುಭಾಗವು ಕೆರ್ದು ಎಂಬ ಹಿಂದಿನ ಜೆಸೂಯಿಟ್ ಪಾದ್ರಿಗಳ ಬರಹವನ್ನು ಆಶ್ರಯಿಸಿದೆಯೆಂದು 1987ರಲ್ಲಿ ಫ್ರಾನ್ಸಿನ ವಿದುಷಿಯೊಬ್ಬರು ತೋರಿಸಿಕೊಟ್ಟಿದ್ದಾರೆ. ಆದರೆ ಹಿಂದೂದೇಶದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತು 1823ರಲ್ಲಿ ಲಂಡನಿನಲ್ಲಿ ಪ್ರಕಟವಾದ ಪತ್ರಗಳು ಅವರ ಸ್ವಂತ ಅನುಭವವನ್ನು ಹೇಳತಕ್ಕವು. ಇಲ್ಲಿನ ವಿಚಾರಕ್ಕೆ ಆಧಾರವಾದುವು ಆ ಪತ್ರಗಳೇ.

ಪಾದ್ರಿಗಳು ಬಿಟ್ಟುಬಂದ ದೇಶದಲ್ಲಿ ಆ ಕಾಲಕ್ಕೆ ಪಾಸ್ಕದ ಗತಿ ಏನಾಗಿತ್ತೆಂಬುದನ್ನು ಮರೆಯಬಾರದು. ಫ್ರಾನ್ಸಿನ ಹಳ್ಳಿಗಳಲ್ಲಿ ಪವಿತ್ರ ಗುರುವಾರದಿಂದ ಹಬ್ಬದವರೆಗೆ ಘಂಟೆಗಳು ಮೌನವಾಗಿರುವುವು. ಘಂಟೆಗಳೆಲ್ಲ ರೋಮಾಪುರಿಗೆ ಯಾತ್ರೆ ಹೋಗಿವೆ, ಹಬ್ಬದ ದಿನ ಹಿಂದಿರುಗುವುವು ಎಂದು ಮಕ್ಕಳಿಗೆ ಹೇಳುವ ವಾಡಿಕೆ. ಕ್ರಾಂತಿಯ ದಿನಗಳಲ್ಲಿ ಈ ಮೌನವು ಮೂರು ದಿನಗಳದ್ದಾಗಿ ಉಳಿಯಲಿಲ್ಲ. 1793ರಲ್ಲಿ ಹೊಸ ಸರ್ಕಾರವು ಕ್ರೈಸ್ತಪಂಚಾಂಗವನ್ನೇ ತೆಗೆದುಹಾಕಿತು. ವಾರವು ಹೋಗಿ ಹತ್ತು ದಿನಗಳ ಗಣನೆಯು ಬಂದಿತು. ಭಾನುವಾರವೇ ಇಲ್ಲದ ಪಂಚಾಂಗದಲ್ಲಿ ಪಾಸ್ಕಕ್ಕೆ ಎಡೆಯೆಲ್ಲಿ? ಅನೇಕ ದೇವಾಲಯಗಳು ಮುಚ್ಚಿದುವು, ಎಷ್ಟೋ ಘಂಟೆಗಳು ಕರಗಿ ಫಿರಂಗಿಗಳಾದುವು. ಕೊನೆಗೆ ನೆಪೋಲಿಯನ್ನನು ಪೋಪರೊಡನೆ ಒಪ್ಪಂದ ಮಾಡಿಕೊಂಡು, 1802ರ ಏಪ್ರಿಲ್ 18ರ ಪಾಸ್ಕದ ದಿನ ಪ್ಯಾರಿಸಿನ ಮಹಾದೇವಾಲಯದಲ್ಲಿ ಅದನ್ನು ಉತ್ಸವಪೂರ್ವಕವಾಗಿ ಸಾರಿಸಿದನು. ಸುಮಾರು ಹತ್ತು ವರ್ಷ ಮೌನವಾಗಿದ್ದ ಘಂಟೆಯು ಅಂದು ಮೊಳಗಿತು. ನಮ್ಮ ಗಣನೆಯಲ್ಲಿ ಅದು ದುಂದುಭಿ ಸಂವತ್ಸರ, ಚೈತ್ರ ಪೂರ್ಣಿಮೆಗೆ ಹೊಂದಿಕೊಂಡ ದಿನ. ದುಂದುಭಿಯೆಂದರೆ ಭೇರಿ. ಅಂದು ದೊಡ್ಡಸ್ವಾಮಿಯವರು ಮೈಸೂರು ಸೀಮೆಯಲ್ಲಿದ್ದರು. ಕಥೋಲಿಕ ದೇಶವೆನಿಸಿದ ಅವರ ಹುಟ್ಟುನಾಡಿನಲ್ಲಿ ಹಬ್ಬವು ನಿಂತುಹೋಗಿದ್ದ ವರ್ಷಗಳಲ್ಲಿ ಹಿಂದೂದೇಶದ ಬಡ ಕ್ರೈಸ್ತರ ನಡುವೆ ಅದು ನಡೆಯುತ್ತಲಿತ್ತು.

ಈ ಕ್ರೈಸ್ತರು ಯಾರು? ಕನ್ನಡ ನಾಡಿನ ಒಳಸೀಮೆಯಲ್ಲಿ ಆ ಮತವು ಅಂದಿಗೇ ಹಳೆಯದಾಗಿತ್ತು. ಇಟಲಿಯ ನೋಲಾ ಪಟ್ಟಣದವರಾದ ಲಿಯೊನಾರ್ದೊ ಚಿನ್ನಾಮಿ ಎಂಬ ಜೆಸೂಯಿಟ್ ಪಾದ್ರಿಗಳು 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಆ ಭಾಷೆಯಲ್ಲಿ ಗ್ರಂಥಗಳನ್ನು ರಚಿಸಿದರು. ಅವರು ಸ್ಥಾಪಿಸಿದ ಕಾರ್ಯವು ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. 1759ರಲ್ಲಿ ಪೋರ್ಚುಗೀಸ್ ರಾಜ್ಯವು ಜೆಸೂಯಿಟರನ್ನು ಹೊರಗಟ್ಟಿತು. 1773ರಲ್ಲಿ ಪೋಪರೇ ಆ ಸಂಘವನ್ನು ವಿಸರ್ಜಿಸಿದರು. ಗುರುಗಳು ಕಡಮೆಯಾದ ಈ ಕಾಲದಲ್ಲಿಯೇ ಇನ್ನೊಂದು ವಿಪತ್ತು ಬಂದಿತು. 1784ರ ಫೆಬ್ರವರಿಯಲ್ಲಿ ಟೀಪೂ ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಅದು ನಡೆದದ್ದು ವಿಭೂತಿ ಬುಧವಾರದಂದು ಎಂಬುದು ಆ ಸಮಾಜದವರ ಪರಂಪರೆಯ ನೆನಪು. ಸೆರೆಯಾದವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ರೀತಿಯಾಗಿ ಹೇಳುವರು; ದ್ಯುಬುವಾ ಪಾದ್ರಿಗಳು ಅರವತ್ತು ಸಾವಿರವೆಂದು ಬರೆದಿದ್ದಾರೆ. ನೆಲವನ್ನೂ ಮನೆಯನ್ನೂ ಗುರುಗಳನ್ನೂ ಕಳೆದುಕೊಂಡ ಇವರಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರವನ್ನು ಹೊಂದಿ ಹದಿನೈದು ವರ್ಷಗಳನ್ನು ಕಳೆದರು.

1799ರ ತರುವಾಯ ಇವರಲ್ಲಿ ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೆ ಬಂದರೆಂದು ಪಾದ್ರಿಗಳು ಬರೆಯುತ್ತಾರೆ. ತಾವು ಮತವನ್ನು ಬಿಟ್ಟದ್ದು ಹೊರಗೆ ಮಾತ್ರ, ಹೃದಯದಲ್ಲಿ ಬಿಟ್ಟಿರಲಿಲ್ಲ ಎಂದು ಅವರು ಹೇಳಿಕೊಂಡರಂತೆ. ಪಾದ್ರಿಗಳಿಗೆ ಇದರಿಂದ ಸಮಾಧಾನವಾಗಲಿಲ್ಲ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದುನಿಂತು ತನ್ನ ಮತವನ್ನು ಸಾರಿ ಪ್ರಾಣವನ್ನು ಒಪ್ಪಿಸಲಿಲ್ಲವಲ್ಲಾ ಎಂದು ಅವರು ಕಠಿನವಾಗಿ ದೂರುತ್ತಾರೆ. ಇದು ಅವರ ಮೊದಲನೆಯ ಲಜ್ಜೆ.

ಎರಡನೆಯ ಲಜ್ಜೆಯು ಹಬ್ಬಗಳಿಗೆ ಸಂಬಂಧಿಸಿದ್ದು. ದೇಶೀಯ ಕ್ರೈಸ್ತರ ಉತ್ಸವಗಳ ಮೆರವಣಿಗೆಗಳನ್ನು ಅವರು ಆ ಪತ್ರಗಳಲ್ಲಿ ವಿವರವಾಗಿ ವರ್ಣಿಸಿದ್ದಾರೆ. ಮೆರವಣಿಗೆಯು ಯಾವಾಗಲೂ ರಾತ್ರಿಯಲ್ಲಿ ಹೊರಡುವುದು. ನೂರಾರು ತಮ್ಮಟೆಗಳೂ ಕಹಳೆಗಳೂ ಕೂಡಿ ಭೋರ್ಗರೆಯುವುವು. ಲೆಕ್ಕವಿಲ್ಲದಷ್ಟು ಪಂಜುಗಳು, ಬಾಣಬಿರುಸುಗಳು. ಸಂತನ ಪ್ರತಿಮೆಯನ್ನು ಹೂಮಾಲೆಗಳಿಂದ ಅಲಂಕರಿಸಿದ ತೇರಿನಲ್ಲಿಟ್ಟು ಎಳೆಯುವರು. ಜನರು ಗುಂಪುಗೂಡಿ ಕೇಕೆಹಾಕುತ್ತ ಕುಣಿಯುತ್ತ ಮುನ್ನಡೆಯುವರು; ಭಕ್ತಿಯ ಲಕ್ಷಣವಾಗಲಿ ಪ್ರಾರ್ಥನೆಯ ಶಬ್ದವಾಗಲಿ ಇಲ್ಲ. ಇಂಥ ಮೆರವಣಿಗೆಗಳು ತಮಗೆ ಎಂದೆಂದಿಗೂ ನಾಚಿಕೆಯ ವಿಷಯವಾಗಿದ್ದುವೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಪ್ರತಿಮೆಯೊಂದನ್ನು ಬಿಟ್ಟರೆ ಈ ವರ್ಣನೆಯು ಕನ್ನಡ ನಾಡಿನ ಯಾವ ಜಾತ್ರೆಗೆ ಒಪ್ಪುವುದಿಲ್ಲ? ಎಡೆಯೂರಿನ ತೇರನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ತೋರದು. ಪಾದ್ರಿಗಳಿಗೆ ನೋವಾದುದು ಅದಕ್ಕಾಗಿಯೇ.

ಆದರೆ ಅದೇ ಪತ್ರಗಳಲ್ಲಿ ಅವರು ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದಾರೆ. ಹಿಂದೂಗಳ ಮನಸ್ಸಿಗೆ ಸ್ವಲ್ಪವಾದರೂ ಹತ್ತಿರವಾಗತಕ್ಕ ಕ್ರೈಸ್ತಮತವಿದ್ದರೆ ಅದು ಕಥೋಲಿಕವೇ. ಏಕೆಂದರೆ ಅದರಲ್ಲಿ ಪೂಜೆಯುಂಟು, ಮೆರವಣಿಗೆಯುಂಟು, ಪ್ರತಿಮೆಗಳುಂಟು, ತೀರ್ಥವುಂಟು, ಉಪವಾಸ ಉತ್ಸವಗಳುಂಟು, ಸತ್ತವರಿಗಾಗಿ ಪ್ರಾರ್ಥನೆಯುಂಟು. ಇಷ್ಟೆಲ್ಲ ಹೋಲಿಕೆಯಿದ್ದರೂ ಮತಪ್ರಚಾರವು ಸಫಲವಾಗಲಿಲ್ಲವೆಂಬುದೇ ಅವರ ತೀರ್ಮಾನ. ಇಪ್ಪತ್ತೈದು ವರ್ಷಗಳಲ್ಲಿ ತಾವು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ ಅವರಲ್ಲಿಯೂ ಬಹುಮಂದಿ ನಿರ್ಗತಿಕರೆಂದೂ ಅವರು ಮರೆಮಾಚದೆ ಬರೆದರು. ಇಂಥ ಸತ್ಯವಚನಕ್ಕೆ ಧೈರ್ಯವು ಬೇಕು. ಅವರ ಮಾತು ಯೂರೋಪಿನ ಪ್ರಚಾರಕರಿಗೆ ಹಿಡಿಸಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು?

ಈಗ ಎರಡು ಲಜ್ಜೆಗಳನ್ನೂ ಒಟ್ಟಿಗಿಟ್ಟು ನೋಡಬೇಕು. ಒಂದು ಆ ಜನರ ಮೌನವನ್ನು ಕುರಿತದ್ದು. ಇನ್ನೊಂದು ಆ ಮತದವರ ಗದ್ದಲವನ್ನು ಕುರಿತದ್ದು. ಆಪತ್ತಿನಲ್ಲಿ ಬಾಯಿ ತೆರೆಯಲಿಲ್ಲವೆಂಬುದೂ ತಪ್ಪು, ಹಬ್ಬದಲ್ಲಿ ಬಾಯಿ ಮುಚ್ಚಲಿಲ್ಲವೆಂಬುದೂ ತಪ್ಪು. ಪಾದ್ರಿಗಳು ಮತವನ್ನು ಸಿದ್ಧಾಂತದಿಂದ ಅಳೆದರು; ಸಿದ್ಧಾಂತವನ್ನು ಬಲ್ಲವನು ಸಾಯಲು ಸಿದ್ಧನಿರಬೇಕು, ಉತ್ಸವದಲ್ಲಿ ಶಾಂತನಿರಬೇಕು ಎಂಬುದು ಅವರ ಅಳತೆ. ಆದರೆ ಹದಿನೈದು ವರ್ಷ ಗುರುವಿಲ್ಲದೆ, ಗ್ರಂಥವಿಲ್ಲದೆ, ದೇವಾಲಯವಿಲ್ಲದೆ ಇದ್ದವರನ್ನು, ದಾರಿ ತೆರೆದೊಡನೆ ಹಿಂದಿರುಗಿಸಿದುದು ಯಾವುದು? ಸಿದ್ಧಾಂತವನ್ನು ಅವರಿಗೆ ಬೋಧಿಸುವವರಾರೂ ಇರಲಿಲ್ಲ. ಉಳಿದಿರಬಹುದಾದುದು ರೂಢಿಯೊಂದೇ: ಇಂಥ ಹುಣ್ಣಿಮೆಗೆ ಉಪವಾಸ, ಇಂಥ ದಿನಕ್ಕೆ ಬೂದಿ, ಇಂಥ ರಾತ್ರಿಗೆ ಪಂಜು ಎಂಬ ನೆನಪು. ಇದು ಊಹೆಯೇ ಹೌದು. ಆದರೆ ಲೋಕಾನುಭವಕ್ಕೆ ವಿರುದ್ಧವಾದ ಊಹೆಯಲ್ಲ. ವೇದಾಧ್ಯಯನವು ತಪ್ಪಿಹೋದ ಮನೆಗಳಲ್ಲಿಯೂ ಶ್ರಾದ್ಧದ ತಿಥಿಯು ತಪ್ಪುವುದಿಲ್ಲವಷ್ಟೆ.

ಇದಕ್ಕೆ ಪೋಷಕವಾದ ಇನ್ನೊಂದು ಸಂಗತಿಯುಂಟು. ಆ ಕಾಲದಲ್ಲಿ ದೇವಾಲಯದೊಳಗಣ ಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಪಾಸ್ಕ ಜಾಗರಣೆಯ ವಿಧಿಯನ್ನು ಸಹ ಹೆಸರಿಗೆ ಜಾಗರಣೆಯಾದರೂ ಶನಿವಾರದ ಬೆಳಗ್ಗೆಯೇ ನೆರವೇರಿಸುವ ಪದ್ಧತಿಯಿತ್ತು. ಅದನ್ನು ಮರಳಿ ರಾತ್ರಿಗೆ ತಂದವರು ಹನ್ನೆರಡನೆಯ ಪಯಸ್ ಪೋಪರು, 1951ರಿಂದ ಮೊದಲ್ಗೊಂಡು. ಹಾಗಾದರೆ ದ್ಯುಬುವಾ ಪಾದ್ರಿಗಳ ಕಾಲದ ರೈತಕ್ರೈಸ್ತನಿಗೆ ತನ್ನ ಭಾಷೆಯೂ ತನ್ನ ರಾತ್ರಿಯೂ ದೊರೆಯುತ್ತಿದ್ದುದು ಎಲ್ಲಿ? ಬೀದಿಯಲ್ಲಿ. ಒಳಗೆ ಗುರುಗಳ ಮಂತ್ರ. ಹೊರಗೆ ಜನರ ಹಾಡು, ಜನರ ವಾದ್ಯ. ತೇರು ಇಲ್ಲದಿದ್ದರೆ ಹಬ್ಬವು ಅವನಿಗೆ ಅನ್ಯರ ಮಾತಿನಲ್ಲಿ ಅನ್ಯರು ಮಾಡುವ ಕರ್ಮವಾಗಿಯೇ ಉಳಿಯುತ್ತಿತ್ತು.

ಗೋವೆಯೊಡನೆ ಹೋಲಿಸಿದರೆ ಈ ಮಾತು ಇನ್ನೂ ವಿಶದವಾಗುವುದು. ಒಂದು ಕಾಲದಲ್ಲಿ ಕದಂಬರು ಆಳಿದ ಆ ಸೀಮೆಯು 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದು, ಕನ್ನಡಿಗರಿಗೆ ನೆರೆಯಲ್ಲಿಯೇ ಇದ್ದ ಕಥೋಲಿಕ ಪರರಾಜ್ಯವಾಗಿತ್ತು. ಅಲ್ಲಿ ತಪಸ್ಸುಕಾಲವು ಇಂದಿಗೂ ಬಹು ಗಂಭೀರವಾದುದು. ಗೋವಾ ವೆಲ್ಹಾ ಎಂಬ ಊರಿನಲ್ಲಿ ತಪಸ್ಸುಕಾಲದ ಐದನೆಯ ಭಾನುವಾರದ ಮರುದಿನ ಸಂತರ ಪ್ರತಿಮೆಗಳನ್ನು ಸಾಲಾಗಿ ಹೊತ್ತು ಮೆರೆಸುವರು. ಘಂಟೆಗಳು ಮೌನವಾಗಿರುವ ದಿನಗಳಲ್ಲಿ ಮರದ ಗಿಲಕಿಯನ್ನು ಆಡಿಸಿ ಜನರನ್ನು ಕರೆಯುವರು. ಅಲ್ಲಿ ಮತದ ಬೆನ್ನಿಗೆ ರಾಜಬಲವಿತ್ತು. 1560ರಲ್ಲಿ ಸ್ಥಾಪಿತವಾಗಿ 1812ರವರೆಗೆ ನಡೆದ ಮತವಿಚಾರಣೆಯ ನ್ಯಾಯಸ್ಥಾನವು 1736ರ ಆಜ್ಞೆಯಲ್ಲಿ ಮದುವೆಯ ಹೂವು ವೀಳ್ಯಗಳವರೆಗೆ ದೇಶೀಯ ಆಚಾರಗಳನ್ನು ಹುಡುಕಿ ಹುಡುಕಿ ನಿಷೇಧಿಸಿತು. ಮೈಸೂರು ಸೀಮೆಯಲ್ಲಿ ಅಂಥ ಬಲವಿರಲಿಲ್ಲ. ಪಾದ್ರಿಗಳು ಲಜ್ಜೆಪಡಬಹುದಾಗಿತ್ತು, ದಂಡಿಸುವಂತಿರಲಿಲ್ಲ. ಆದಕಾರಣ ಇಲ್ಲಿ ಹಬ್ಬವು ನೆರೆಹೊರೆಯ ಉಡುಪನ್ನು ಉಟ್ಟುಕೊಂಡಿತು. ದೇಶೀಯ ಉಡುಪನ್ನು ಉಟ್ಟಿದ್ದ ಪಾದ್ರಿಗಳೇ, ತಮ್ಮ ಹಬ್ಬವು ಅದನ್ನೇ ಉಟ್ಟಾಗ ಗುರುತಿಸದೆ ಹೋದರೆಂಬುದು ವಿಚಿತ್ರ.

ಅವರ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ಅರ್ಥವನ್ನರಿಯದ ಆಡಂಬರವು ಯಾವ ಮತದಲ್ಲಿಯೂ ಶ್ಲಾಘ್ಯವಲ್ಲ. ತೇರಿನ ಗದ್ದಲದಲ್ಲಿ ದೇವರನ್ನು ಮರೆಯುವವರನ್ನು ನಮ್ಮ ಶರಣರೂ ದಾಸರೂ ಕಡಮೆ ಖಂಡಿಸಿಲ್ಲ. ಅರ್ಥಕ್ಕೇ ಪ್ರಾಧಾನ್ಯವನ್ನು ಕೊಟ್ಟ ಪ್ರಾಟೆಸ್ಟೆಂಟರ ಮಾರ್ಗವೂ ಈ ಜಿಲ್ಲೆಗೆ ಬಂದಿತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು 1837ರಲ್ಲಿ ಗುಬ್ಬಿಯಲ್ಲಿ ನೆಲೆಸಿದರು. 1839ರಲ್ಲಿ ಬಂದ ವಿಲಿಯಂ ಆರ್ಥರರು ಕಣ್ಣಿನ ಬೇನೆಯಿಂದ ಎರಡೇ ವರ್ಷಗಳಲ್ಲಿ ಸ್ವದೇಶಕ್ಕೆ ಮರಳಿ, ಮೈಸೂರು ಸೀಮೆಯ ತಮ್ಮ ಅನುಭವವನ್ನು 1847ರಲ್ಲಿ ಪ್ರಕಟಿಸಿದರು. ಇವರಿಗೆ ಪ್ರತಿಮೆಯೂ ಇಲ್ಲ, ತೇರೂ ಇಲ್ಲ. ಆದರೆ ಪೂಜೆಯ ಒಳಗೇ ಕನ್ನಡವಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸರು ಮೊದಲ್ಗೊಂಡು ಸಿದ್ಧಪಡಿಸಿದ ಕನ್ನಡ ಬೈಬಲು 1831ಕ್ಕೆ ಪೂರ್ಣವಾಗಿತ್ತು. ಒಂದು ಮಾರ್ಗವು ನಾಡಿನ ಉತ್ಸವವನ್ನು ತೆಗೆದುಕೊಂಡು ಭಾಷೆಯನ್ನು ಹೊರಗಿಟ್ಟಿತು. ಇನ್ನೊಂದು ಭಾಷೆಯನ್ನು ತೆಗೆದುಕೊಂಡು ಉತ್ಸವವನ್ನು ಹೊರಗಿಟ್ಟಿತು. ಎರಡೂ ಕೂಡಲು ಬಹುಕಾಲ ಹಿಡಿಯಿತು. 1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಅನುಮತಿಯನ್ನಿತ್ತ ಮೇಲೆಯೇ ಕಥೋಲಿಕ ಪೂಜೆಯು ಕನ್ನಡದಲ್ಲಿ ನಡೆಯತೊಡಗಿತು.

ಭಾಷೆಯು ಒಳಗೆ ಬರುವ ಮೊದಲೇ ಮನಸ್ಸು ಒಳಗೆ ಬಂದಿತ್ತೆಂಬುದಕ್ಕೆ ಕನಕಪುರ ಸೀಮೆಯ ಹಾರೋಬೆಲೆಯು ನಿದರ್ಶನ. ಅಲ್ಲಿನ ಕ್ರೈಸ್ತರು ಯೇಸುವಿನ ಯಾತನೆಯ ಕಥೆಯನ್ನು ತಾವೇ ಪಾತ್ರಧಾರಿಗಳಾಗಿ ನಾಟಕವಾಡುವರು. ಸಮೀಪದ ಬೆಟ್ಟವೊಂದು ಕಪಾಲಬೆಟ್ಟ. ಕ್ರಿಸ್ತನನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಸ್ಥಳದ ಹೆಸರಿಗೂ ತಲೆಬುರುಡೆಯೆಂದೇ ಅರ್ಥ. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಖಂಡಕಾವ್ಯಕ್ಕೆ ಆ ಮೂಲನಾಮವನ್ನೇ ಇಟ್ಟರು. ಹಾರೋಬೆಲೆಯ ಬೆಟ್ಟವು ಅದನ್ನು ಸಂಸ್ಕೃತದಲ್ಲಿ ಹೇಳುತ್ತಿದೆ. ಕ್ರೈಸ್ತರಲ್ಲದ ಪಂಡಿತಕವಿಯೂ ಕ್ರೈಸ್ತರಾದ ರೈತರೂ ಒಂದೇ ಕಥೆಯನ್ನು ಕನ್ನಡದ ಮಣ್ಣಿಗೆ ತಂದ ಪರಿಯಿದು.

ದೊಡ್ಡಸ್ವಾಮಿಯವರು 1823ರ ಜನವರಿಯಲ್ಲಿ ಹಿಂದೂದೇಶವನ್ನು ಬಿಟ್ಟರು. ಮೂವತ್ತು ವರ್ಷಗಳ ಪರದೇಶವಾಸವನ್ನು ಮುಗಿಸಿ, ಘಂಟೆಗಳು ಮತ್ತೆ ಮೊಳಗುತ್ತಿದ್ದ ಪ್ಯಾರಿಸನ್ನು ಸೇರಿದರು. ಅಲ್ಲಿ ತಮ್ಮ ಸಂಘಕ್ಕೆ 1836ರಿಂದ 1839ರವರೆಗೆ ಮುಖ್ಯರಾಗಿದ್ದು, 1848ರಲ್ಲಿ ಕಾಲವಾದರು. ತಾವು ಹೊಸದಾಗಿ ಸೇರಿಸಿದ ಇನ್ನೂರು ಮುನ್ನೂರು ಜನರನ್ನೇ ಎಣಿಸಿ ಅವರು ತಮ್ಮ ಕಾರ್ಯವು ವಿಫಲವಾಯಿತೆಂದು ತೀರ್ಮಾನಿಸಿದರು. ಮೌನದ ವರ್ಷಗಳನ್ನು ದಾಟಿ ಹಿಂದಿರುಗಿದ ಹಳಬರೂ, ಸಾತಳ್ಳಿಯಲ್ಲಿ ನೇಗಿಲು ಹಿಡಿದವರೂ ಆ ಎಣಿಕೆಯಲ್ಲಿ ಬರಲಿಲ್ಲ. ಹಬ್ಬವನ್ನು ಮುಂದಿನ ತಲೆಗೆ ದಾಟಿಸಿದವರು ಅವರೇ. ದಾಟಿಸಿದ್ದು ತಮ್ಮಟೆಯ ಸದ್ದಿನೊಡನೆ.